ಅಪ್ಪೆಮಿಡಿ ಕಸಿ ಯಾಕೆ ಹತ್ತಲಿಲ್ಲ? ಒಣಗಿದ ಕಡ್ಡಿ ಬಿಚ್ಚಿ ಕಾರಣ ಹುಡುಕುವ ಬಗೆ

ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿ. ಅದಕ್ಕೆ ‘ಹತ್ತು ಕಸಿ ಕಟ್ಟಿದೆ, ಎಂಟು ಒಣಗಿದವು’ ಎಂದಷ್ಟೇ ಹೇಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎಷ್ಟನೇ ದಿನಕ್ಕೆ ಒಣಗಿತು? ತುದಿಯಿಂದ ಕೆಳಗೆ ಒಣಗಿತೋ, ಗಂಟಿನಿಂದ (ಕಸಿ ಕೂಡಿಸಿ ಕಟ್ಟಿದ ಜಾಗದಿಂದ) ಮೇಲಕ್ಕೆ ಒಣಗಿತೋ? ಚಿಗುರಿ ಒಣಗಿತೋ, ಚಿಗುರದೆಯೇ ಒಣಗಿತೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಕಾರಣ ಸಿಕ್ಕಂತೆ.

ನಾವು ಮಾಡುವ ದೊಡ್ಡ ತಪ್ಪು ಅಂದರೆ ಸತ್ತ ಕಸಿಯನ್ನು ಹಾಗೇ ಕಿತ್ತು ಗೊಬ್ಬರದ ಗುಂಡಿಗೆ ಎಸೆಯುವುದು. ಎಸೆಯಬೇಡಿ. ಅದೊಂದೇ ಸಾಕ್ಷಿ ಇರುವುದು.

ಇಲ್ಲಿ ಹೇಳುತ್ತಿರುವುದು ಮನೆಯಲ್ಲಿ ಕೊಟ್ಟೆಯ (ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದ) ಗಿಡಕ್ಕೆ ಕಟ್ಟುವ ಮೃದುಕಾಂಡ ಕಸಿಯ ಬಗ್ಗೆ. ಅಂದರೆ ಬುಡದ ಗಿಡದ (ಬೇರು ಕೊಡುವ ಕಾಡುಮಾವಿನ ಸಸಿಯ) ಎಳೆಯ ಕಾಂಡದ ತುದಿ ಸವರಿ, ನಡುವೆ ಸೀಳಿ, ತಾಯಿಮರದಿಂದ ತಂದು ಬೆಣೆಯಂತೆ ಕೆತ್ತಿದ ಕಡ್ಡಿಯನ್ನು ಕೂರಿಸಿ ಕಟ್ಟುವ ಪದ್ಧತಿ. ಮಲೆನಾಡಿನಲ್ಲಿ ಅಪ್ಪೆಮಿಡಿಗೆ ಜಾಸ್ತಿ ಬಳಕೆಯಲ್ಲಿರುವುದು ಇದೇ. ಗೊರಟೆ ಕಸಿಗೂ (ಆಗಷ್ಟೇ ಮೊಳೆತ ಗೊರಟೆಯ ಸಸಿಗೆ ಕಟ್ಟುವುದು) ಹೆಚ್ಚಿನ ಮಾತು ಅನ್ವಯಿಸುತ್ತದೆ.

ಗೊರಟೆ ಹಾಕಿ ಬೆಳೆಸಿದರೆ ಆಗದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಗಿಡ ಆಗುತ್ತದೆ, ಆದರೆ ತಾಯಿಮರದ ಪರಿಮಳ, ಸೊನೆ, ಮಿಡಿಯ ಆಕಾರ ಅದರಲ್ಲಿ ಬರುತ್ತದೆಂಬ ಭರವಸೆ ಇಲ್ಲ. ಅಘನಾಶಿನಿ, ಶರಾವತಿ, ಬೇಡ್ತಿ, ಕಾಳಿ, ವರದಾ ಹೊಳೆಗಳ ದಂಡೆಯಲ್ಲಿ ನಿಂತಿರುವ ಒಂದೊಂದು ಹಳೆಯ ಮರವೂ ಒಂದೊಂದು ತಳಿ. ಅನಂತಭಟ್ಟನ ಅಪ್ಪೆ, ಮಾಳಂಜಿ, ದೊಂಬೆಸರ ಜೀರಿಗೆ ಎಂದೆಲ್ಲ ಮನುಷ್ಯರ ಹೆಸರು, ಊರಿನ ಹೆಸರು ಹೊತ್ತು ಬಂದ ತಳಿಗಳು ಉಳಿದಿರುವುದು ಕಸಿಯಿಂದಲೇ. ಮೂಲ ಮರ ಬಿದ್ದುಹೋದರೆ ಕಸಿ ಕಟ್ಟಿಟ್ಟವನ ಅಂಗಳದಲ್ಲಿ ಇದ್ದಷ್ಟೇ ಉಳಿಯಿತು.

ಮೊದಲು ಬಿಚ್ಚಿ ನೋಡಿ

ಪ್ಲಾಸ್ಟಿಕ್ ಪಟ್ಟಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಕಡ್ಡಿಯನ್ನು ಎಳೆಯಬೇಡಿ, ಮೆಲ್ಲಗೆ ಪಕ್ಕಕ್ಕೆ ಬಾಗಿಸಿ. ಸಲೀಸಾಗಿ ಜಾರಿ ಬಂತೋ, ಸ್ವಲ್ಪ ಅಂಟಿಕೊಂಡಿತ್ತೋ ಗಮನಿಸಿ. ಆಮೇಲೆ ಕೆತ್ತಿದ ಮುಖವನ್ನು ಬೆಳಕಿಗೆ ಹಿಡಿಯಿರಿ.

ಕೆತ್ತಿದ ದಿನ ಹೇಗಿತ್ತೋ ಹಾಗೇ ನುಣ್ಣಗೆ, ಬರೀ ಕಂದು ಬಣ್ಣಕ್ಕೆ ತಿರುಗಿದ್ದರೆ ಎರಡರ ನಡುವೆ ಏನೂ ನಡೆದೇ ಇಲ್ಲ. ಅಂಚಿನಲ್ಲಿ, ತೊಗಟೆಗೂ ಕಟ್ಟಿಗೆಗೂ ನಡುವೆ, ಬಿಳಿ ಅಥವಾ ತಿಳಿಹಳದಿ ಹರಳಿನಂಥ ಸಣ್ಣ ಉಬ್ಬು ಕಂಡರೆ ಗಾಯ ಮಾಯಲು ಶುರುವಾಗಿತ್ತು. ಅದೇ ಕ್ಯಾಲಸ್. ಉಬ್ಬು ಬುಡದ ಗಿಡದ ಕಡೆ ಮಾತ್ರ ಇದ್ದು ಕಡ್ಡಿಯ ಕಡೆ ಇಲ್ಲದಿದ್ದರೆ ಕಡ್ಡಿಯಲ್ಲೇ ಜೀವ ಇರಲಿಲ್ಲ. ಎರಡೂ ಕಡೆ ಇದ್ದು ಒಂದಕ್ಕೊಂದು ತಾಗದೆ ನಿಂತಿದ್ದರೆ ಕೂರಿಸಿದ್ದು ಓರೆ, ಅಥವಾ ಕಟ್ಟು ಸಡಿಲ. ಮುಖ ಕಪ್ಪಾಗಿ ಜಿಗುಟಾಗಿದ್ದು ಕೊಳೆತ ವಾಸನೆ ಬಂದರೆ ನೀರು ಒಳಗೆ ಹೋಗಿದೆ.

ಇಷ್ಟು ನೋಡಲು ಎರಡು ನಿಮಿಷ ಸಾಕು. ಹತ್ತರಲ್ಲಿ ಎಂಟು ಸತ್ತಿದ್ದರೆ ಎಂಟನ್ನೂ ಬಿಚ್ಚಿ. ಎಂಟರಲ್ಲೂ ಒಂದೇ ಗುರುತು ಇದ್ದರೆ ತಪ್ಪು ನಿಮ್ಮ ಪದ್ಧತಿಯಲ್ಲಿದೆ. ಒಂದೊಂದರಲ್ಲಿ ಒಂದೊಂದು ತರ ಇದ್ದರೆ ಕೈ ಇನ್ನೂ ಪಳಗಬೇಕು, ಅಷ್ಟೇ.

ವಾರದೊಳಗೆ ಕಪ್ಪಾದರೆ

ತುದಿಮೊಗ್ಗಿನಿಂದ ಕಪ್ಪು ಇಳಿಯುತ್ತಾ ಬಂದಿದ್ದರೆ ಕಡ್ಡಿ ತೀರಾ ಎಳೆಯದು. ಹಸಿರು ಮಾಸದ, ಬಗ್ಗಿಸಿದರೆ ಬಳ್ಳಿಯಂತೆ ಬಳುಕುವ ಕಡ್ಡಿಯಲ್ಲಿ ಎರಡು ವಾರ ತಾಳಿಕೊಳ್ಳುವಷ್ಟು ಕಸುವು ಇರುವುದಿಲ್ಲ. ಕಡ್ಡಿ ಮೂರು ನಾಲ್ಕು ತಿಂಗಳು ಬಲಿತಿರಬೇಕು. ಪೆನ್ಸಿಲ್ ದಪ್ಪ, ನಾಲ್ಕರಿಂದ ಆರು ಇಂಚು ಉದ್ದ ಇದ್ದರೆ ಒಳ್ಳೆಯದು.

ಗಂಟಿನಿಂದ ಮೇಲಕ್ಕೆ ಕಪ್ಪೇರಿದ್ದರೆ ಅದು ಕೊಳೆ. ಮಳೆನೀರು ಕಾಂಡದ ಮೇಲೆ ಇಳಿದು ಪಟ್ಟಿಯ ಸಂದಿಗೆ ಹೋಗಿರಬಹುದು, ಚಾಕು ಕೊಳಕಿದ್ದಿರಬಹುದು, ಕಡ್ಡಿಯೇ ರೋಗ ಹೊತ್ತು ತಂದಿರಬಹುದು. ಪಟ್ಟಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಸುತ್ತುಗಳು ಹೆಂಚು ಹೊದಿಸಿದಂತೆ ಕೂರುತ್ತವೆ, ನೀರು ಜಾರಿ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಸುತ್ತೂ ನೀರು ಹಿಡಿಯುವ ಜೇಬು.

ಕಡ್ಡಿಯ ಮೇಲೆ ಮೊದಲೇ ಕಪ್ಪು ಚುಕ್ಕೆ, ಗೀರು ಇದ್ದರೆ ಅದು ಚಿಬ್ಬು ರೋಗ. ಅಂಥದ್ದನ್ನು ತರಲೇಬೇಡಿ. ಬೇರೆ ಸಿಗುವುದಿಲ್ಲ, ಮರ ಒಂದೇ ಇರುವುದು ಎಂದರೆ ಒಂದು ಲೀಟರ್ ನೀರಿಗೆ ಒಂದು ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಕಲಸಿ, ಕಡ್ಡಿಯನ್ನು ಸ್ವಲ್ಪ ಹೊತ್ತು ಅದ್ದಿ, ನೆರಳಲ್ಲಿ ಆರಿಸಿ, ಆಮೇಲೆ ಕೆತ್ತಿ. ಕೈಗೆ ಗ್ಲೌಸ್ ಇರಲಿ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಇದೆಯಲ್ಲ ಎಂದು ಕಸಿಯ ಎಳೆ ಚಿಗುರಿಗೆ ಹೊಡೆಯುವವರಿದ್ದಾರೆ. ಎಳೆ ಎಲೆ ಸುಟ್ಟುಹೋಗುವ ಸಾಧ್ಯತೆ ಇದೆ, ಬೇಡ.

ಜೂನ್ ಜುಲೈಯ ಜಡಿಮಳೆಯಲ್ಲಿ ಬಯಲಲ್ಲಿ ಕಟ್ಟಿದ ಕಸಿ ಕೊಳೆತರೆ ಯಾರನ್ನೂ ದೂರುವ ಹಾಗಿಲ್ಲ. ಮಳೆ ಬೀಳದ ಚಪ್ಪರ ಇದ್ದರೆ ಜೂನ್‌ನಿಂದಲೇ ಕಟ್ಟಿ. ಇಲ್ಲದಿದ್ದರೆ ಆಗಸ್ಟ್ ಕೊನೆಗೆ ಮಳೆ ಹದವಾಗುವವರೆಗೆ ಕಾಯುವುದೇ ಲೇಸು. ಗಾಳಿಯಲ್ಲಿ ತೇವ ಬೇಕು, ಗಂಟಿನ ಮೇಲೆ ನೀರು ಬೇಡ. ಸೋಗೆ ಚಪ್ಪರವಾದರೆ ಎಲ್ಲೆಲ್ಲಿ ತಟಕುತ್ತದೆ ಎಂದು ಒಂದು ಮಳೆಯಲ್ಲಿ ನೋಡಿಕೊಂಡು ಕೊಟ್ಟೆಗಳನ್ನು ಆ ಜಾಗದಿಂದ ಸರಿಸಿ.

ಹಸಿರಾಗಿದೆ, ಚಿಗುರಿಲ್ಲ

ಇಪ್ಪತ್ತೈದು ದಿನವಾಯಿತು, ಕಡ್ಡಿ ಒಣಗಿಲ್ಲ, ಮೊಗ್ಗೂ ಒಡೆದಿಲ್ಲ. ಇಲ್ಲಿ ಬೇಕಾದ್ದು ತಾಳ್ಮೆ. ಉಗುರಿನಿಂದ ತೊಗಟೆಯನ್ನು ಸಾಸಿವೆಯಷ್ಟು ಕೆರೆದು ನೋಡಿ. ಒಳಗೆ ಹಸಿರು, ಒದ್ದೆ ಇದ್ದರೆ ಜೀವ ಇದೆ. ಎಲೆ ಸವರುವಾಗ ಬಿಟ್ಟ ತೊಟ್ಟು ಇನ್ನೂ ಇದ್ದರೆ ಬೆರಳಿನಿಂದ ಮುಟ್ಟಿ. ಮುಟ್ಟಿದ ಕೂಡಲೇ ಉದುರಿದರೆ ಒಳ್ಳೆಯ ಸೂಚನೆ. ಒಣಗಿ ಕಚ್ಚಿಕೊಂಡಿದ್ದರೆ ಕಡ್ಡಿ ಹೋದಂತೆ.

ಜೀವ ಇದ್ದೂ ಚಿಗುರದಿದ್ದರೆ ಕಾರಣ ಹೆಚ್ಚಾಗಿ ಒಂದೇ: ಮೊಗ್ಗು ಮಲಗಿರುವಾಗಲೇ ಕಡ್ಡಿ ಕೊಯ್ದಿದ್ದೀರಿ. ಕಡ್ಡಿಯನ್ನು ತಾಯಿಮರದಲ್ಲೇ ತಯಾರು ಮಾಡಬೇಕು. ಕೊಯ್ಯುವ ವಾರ, ಹತ್ತು ದಿನ ಮೊದಲು ಅದರ ಎಲೆಗಳನ್ನು ತೊಟ್ಟು ಬಿಟ್ಟು ಸವರಬೇಕು. ಆಗ ತುದಿಮೊಗ್ಗು ಉಬ್ಬುತ್ತದೆ. ಉಬ್ಬಿ, ಇನ್ನೂ ಒಡೆಯದ ಹೊತ್ತಿಗೆ ಕೊಯ್ದು ತರಬೇಕು. ಹೊಳೆದಂಡೆಯ ಮರಕ್ಕೆ ಎರಡು ಸಲ ಯಾರು ಹತ್ತುತ್ತಾರೆ ಎಂದು ಈ ಕೆಲಸ ಬಿಟ್ಟುಬಿಡುತ್ತೇವೆ. ನನ್ನ ಪ್ರಕಾರ ಅಪ್ಪೆ ಕಸಿ ಸೋಲುವುದು ಹೆಚ್ಚಾಗಿ ಇಲ್ಲೇ, ಚಾಕು ಕೈಗೆ ಬರುವ ಮೊದಲೇ.

ಹಳೆಯ ಮರದ ಇನ್ನೊಂದು ತೊಂದರೆ: ನೆರಳಲ್ಲಿ ಬೆಳೆದ ಒಳಗಿನ ಗೆಲ್ಲುಗಳು ದಾರದಂತೆ ಸಪೂರ. ಕೈಗೆ ಸಿಗುವುದೂ ಅವೇ. ಅವುಗಳಲ್ಲಿ ಕಸುವಿಲ್ಲ. ಮರ ನಿಮ್ಮದೇ ಆಗಿದ್ದರೆ ಮಿಡಿ ಕೊಯ್ದ ಮೇಲೆ ಬಿಸಿಲಿಗೆ ತೆರೆದಿರುವ ಒಂದು ಗೆಲ್ಲನ್ನು ಸವರಿ ಬಿಡಿ. ಅಲ್ಲಿ ಬರುವ ಹೊಸ ಚಿಗುರು ಮಳೆಗಾಲದ ಹೊತ್ತಿಗೆ ಬಲಿತು ದಪ್ಪ ಕಡ್ಡಿಯಾಗುತ್ತದೆ. ಆದರೆ ಮಿಡಿ ಕೊಯ್ಯುವ ನೆಪದಲ್ಲಿ ಗೆಲ್ಲನ್ನೇ ಕಡಿದು ಕೆಡಹುವ ಅಭ್ಯಾಸಕ್ಕೂ ಇದಕ್ಕೂ ಗಂಟು ಹಾಕಬೇಡಿ. ಹೊಳೆದಂಡೆಯ ಎಷ್ಟೋ ಅಪ್ಪೆ ಮರಗಳು ಹಾಳಾಗಿದ್ದು ಆ ಅಭ್ಯಾಸದಿಂದ.

ದೂರದಿಂದ ತಂದ ಕಡ್ಡಿಯಾದರೆ ಪ್ರಯಾಣವನ್ನೂ ಲೆಕ್ಕ ಹಾಕಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ, ಅಥವಾ ಬಾಳೆಪಟ್ಟೆಯಲ್ಲಿ ಸುತ್ತಿ ತಂದರೆ ಎರಡು ಮೂರು ದಿನ ತಡೆಯುತ್ತದೆ. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು, ಹಿಂಡಿ ಸುತ್ತಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಇಟ್ಟರೆ ಮುಗಿಯಿತು. ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ, ಕೂಡುವುದಿಲ್ಲ.

ಚಿಗುರಿತು, ಆಮೇಲೆ ಬಾಡಿತು

ಇದು ಎಲ್ಲಕ್ಕಿಂತ ಬೇಜಾರಿನದು. ಹದಿನೈದನೇ ದಿನಕ್ಕೆ ಕೆಂಪು ಚಿಗುರು ಮೂಡಿತು, ಮನೆಯವರಿಗೆಲ್ಲ ಕರೆದು ತೋರಿಸಿದ್ದೂ ಆಯಿತು. ಕಡ್ಡಿಗೆ ಹೊದಿಸಿದ ಪ್ಲಾಸ್ಟಿಕ್ ಕೊಳವೆ ತೆಗೆದ ಮಾರನೇ ದಿನ ಜೋತು ಬಿತ್ತು.

ಮೊದಲು ತಿಳಿಯಬೇಕಾದ್ದು, ಚಿಗುರು ಬಂದ ಮಾತ್ರಕ್ಕೆ ಕಸಿ ಹತ್ತಿದೆ ಎಂದಲ್ಲ. ಕಡ್ಡಿಯೊಳಗೆ ಅದರದ್ದೇ ಆದ ಆಹಾರ, ನೀರು ಇರುತ್ತದೆ. ಪೆಪ್ಸಿ ಐಸ್ ಕೊಟ್ಟೆಯಂಥ ಕೊಳವೆ ಹೊದಿಸಿದಾಗ ಒಳಗಿನ ತೇವದಲ್ಲಿ ಆ ಬಂಡವಾಳದ ಮೇಲೆಯೇ ಅದು ಚಿಗುರಬಲ್ಲದು. ಕೆಳಗಿನಿಂದ ಏನೂ ಬರುತ್ತಿಲ್ಲದಿದ್ದರೆ ಬಂಡವಾಳ ಮುಗಿದ ದಿನ ಬಾಡುತ್ತದೆ. ಸುಳ್ಳು ಚಿಗುರನ್ನು ಗುರುತಿಸಬಹುದು. ಎಲೆ ಒಂದಿಂಚು ಬಂದಲ್ಲೇ ನಿಂತಿರುತ್ತದೆ, ದಿನದಿಂದ ದಿನಕ್ಕೆ ದೊಡ್ಡದಾಗುವುದಿಲ್ಲ. ನಿಜವಾದ ಚಿಗುರು ಮೂರು ನಾಲ್ಕು ದಿನಕ್ಕೊಮ್ಮೆ ನೋಡಿದರೆ ಎದ್ದು ಕಾಣುವಷ್ಟು ಬೆಳೆದಿರುತ್ತದೆ.

ಬಾಡಿದ್ದನ್ನು ಬಿಚ್ಚಿ ನೋಡಿ. ಅಂಚಿನಲ್ಲಿ ಕ್ಯಾಲಸ್ ಚೆನ್ನಾಗಿಯೇ ಇದ್ದರೆ ಕೂಡುತ್ತಿದ್ದ ಕಸಿಯನ್ನು ಅವಸರದಲ್ಲಿ ಕೊಳವೆ ತೆಗೆದು ಕೊಂದಂತಾಗಿದೆ. ಕೊಳವೆಯನ್ನು ಒಮ್ಮೆಗೇ ತೆಗೆಯಬಾರದು. ಚಿಗುರು ಕೊಳವೆಯ ತುದಿಗೆ ತಾಗುವ ಹೊತ್ತಿಗೆ ಮೊದಲು ತುದಿಯನ್ನಷ್ಟೇ ಕತ್ತರಿಸಿ, ಹೊರಗಿನ ಗಾಳಿ ಅಭ್ಯಾಸವಾಗಲಿ. ಮೂರು ನಾಲ್ಕು ದಿನ ಬಿಟ್ಟು ಮೋಡ ಇರುವ ದಿನ, ಇಲ್ಲವೇ ಸಂಜೆ, ಪೂರ್ತಿ ತೆಗೆಯಿರಿ. ಒಳಗೆ ನೀರಿನ ಹನಿ ಕಟ್ಟಿ ಚಿಗುರಿಗೆ ಅಂಟಿಕೊಂಡಿದ್ದರೆ ಮಾತ್ರ ಇನ್ನೂ ಮೊದಲೇ ತುದಿ ತೆರೆಯಬೇಕಾಗುತ್ತದೆ, ಇಲ್ಲದಿದ್ದರೆ ಚಿಗುರು ಬೆಂದಂತೆ ಕೊಳೆಯುತ್ತದೆ.

ಕ್ಯಾಲಸ್ ಇಲ್ಲವೇ ಇಲ್ಲ, ಮುಖ ಕಂದಾಗಿ ಒಣಗಿದೆ ಎಂದಾದರೆ ತಪ್ಪು ಕೆತ್ತನೆಯಲ್ಲಿ ಅಥವಾ ಕೂರಿಸುವುದರಲ್ಲಿ. ಇಲ್ಲಿ ನಾಲ್ಕು ವಿಷಯ ಪರೀಕ್ಷಿಸಿ.

ಕೆತ್ತಿದ ಮುಖ ಸಪಾಟಾಗಿತ್ತೇ? ಬೆಣೆಯ ಮುಖ ಒಂದೂವರೆ ಇಂಚಿನಷ್ಟು ಉದ್ದ ಇರಬೇಕು, ಒಂದೊಂದು ಬದಿಯೂ ಒಂದೇ ಎಳೆತಕ್ಕೆ ಬರಬೇಕು. ಪೆನ್ಸಿಲ್ ಚೂಪು ಮಾಡುವ ಹಾಗೆ ಕೆರೆಕೆರೆದು ಕೆತ್ತಿದರೆ ಮುಖ ಅಲೆಯಲೆಯಾಗುತ್ತದೆ. ಬ್ಲೇಡಿನ ಬೆನ್ನನ್ನು ಮುಖದ ಮೇಲೆ ನೇರವಾಗಿ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿಯಿಂದ ಬೆಳಕು ಕಂಡರೆ ಅಲ್ಲಿ ತಗ್ಗಿದೆ, ಅಲ್ಲಿ ಎರಡೂ ತಾಗಿಲ್ಲ. ಅಂಗಡಿಯ ಹೊಸ ಶೇವಿಂಗ್ ಬ್ಲೇಡು ಮನೆಯ ಮೊಂಡು ಕಸಿಚಾಕುವಿಗಿಂತ ಸಾವಿರ ಪಾಲು ಮೇಲು. ಹೊಸ ಕೈಯವರು ಮೊದಲು ದಾಸವಾಳದ ಕಡ್ಡಿಯನ್ನು ಕೆತ್ತಿ ಕೈ ಪಳಗಿಸಿಕೊಳ್ಳಿ. ಅಪ್ಪೆ ಕಡ್ಡಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ತೊಗಟೆಗೆ ತೊಗಟೆ ಕೂಡಿತ್ತೇ? ಕೂಡುವುದು ಕಟ್ಟಿಗೆ ಅಲ್ಲ, ತೊಗಟೆಯ ಒಳಮೈಗೆ ಅಂಟಿರುವ ತೆಳು ಹಸಿರು ಪದರ. ಕಡ್ಡಿ ಸಪೂರ, ಬುಡದ ಗಿಡ ದಪ್ಪ ಇದ್ದಾಗ ಚೆಂದ ಕಾಣಲಿ ಎಂದು ನಟ್ಟನಡುವೆ ಕೂರಿಸುತ್ತೇವೆ. ಆಗ ಎರಡು ಬದಿಯಲ್ಲೂ ಪದರಕ್ಕೆ ಪದರ ಸಿಗುವುದಿಲ್ಲ. ಒಂದು ಬದಿಗೆ ಒತ್ತಿ ಕೂರಿಸಿ. ಒಂದು ಬದಿ ಸರಿಯಾಗಿ ಕೂಡಿದರೂ ಬದುಕುತ್ತದೆ.

ಬುಡದ ಗಿಡ ಹದದಲ್ಲಿತ್ತೇ? ಅದಕ್ಕೂ ಹೊಸ ಚಿಗುರು ಬಂದು, ಎಲೆ ತಾಮ್ರದ ಬಣ್ಣದಲ್ಲಿರುವಾಗ ಆ ಚಿಗುರಿನ ಕಾಂಡದಲ್ಲೇ ಸೀಳಬೇಕು. ಎಲೆ ಕಡುಹಸಿರಾದ ಮೇಲೆ ಕಾಂಡ ಗಟ್ಟಿ, ಒಳಗೆ ರಸದ ಓಡಾಟ ಕಮ್ಮಿ. ಸೀಳುವಾಗ ಬ್ಲೇಡು ಬೆಣ್ಣೆಯಲ್ಲಿ ಹೋದಂತೆ ಹೋಗದೆ ಕರಕರ ಎಂದರೆ ತಡವಾಗಿದೆ ಎಂದೇ ಅರ್ಥ. ಇನ್ನೊಂದು ಚಿಗುರಿಗೆ ಕಾಯಿರಿ.

ಕೆತ್ತಿ ಎಷ್ಟು ಹೊತ್ತಿಗೆ ಕೂರಿಸಿದಿರಿ? ಫೋನು ಬಂತೆಂದು ಕೆತ್ತಿದ ಕಡ್ಡಿಯನ್ನು ಜಗಲಿ ಮೇಲಿಟ್ಟು ಹೋದರೆ ಮುಖ ಒಣಗುತ್ತದೆ, ಸೊನೆ ಹೆಪ್ಪುಗಟ್ಟುತ್ತದೆ. ಮೊದಲು ಬುಡದ ಗಿಡ ಸೀಳಿಟ್ಟು, ಆಮೇಲೆ ಕಡ್ಡಿ ಕೆತ್ತಿ ಆ ಕ್ಷಣವೇ ಕೂರಿಸಿ. ಕೆತ್ತಿದ ಮುಖಕ್ಕೆ ಬೆರಳು ತಾಗಿಸಬೇಡಿ. ಸೊನೆ ಸೋರುವ ಕಡ್ಡಿಯಾದರೆ ಮರದಿಂದ ಕೊಯ್ದ ಕೂಡಲೇ ಸೋರಲು ಬಿಟ್ಟು, ಒರೆಸಿ, ಕಸಿ ಕಟ್ಟುವಾಗ ಹೊಸದಾಗಿ ಕೆತ್ತಿ. ಆ ಸೊನೆ ಮೈಗೆ ಬಿದ್ದರೆ ಸುಡುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಕಣ್ಣಿಗೆ ಮಾತ್ರ ಜೋಪಾನ.

ಕತ್ತರಿಯಿಂದ ಕತ್ತರಿಸಿದಂತೆ ಎಲೆ ಬಿದ್ದಿದ್ದರೆ

ಕಸಿ ಹತ್ತಿದೆ, ಎಲೆ ಬಿಡಿಸಿದೆ. ಒಂದು ಬೆಳಿಗ್ಗೆ ನೋಡಿದರೆ ಎಳೆ ಎಲೆಗಳೆಲ್ಲ ಕೊಟ್ಟೆಯ ಸುತ್ತ ಬಿದ್ದಿವೆ, ಗಿಡದಲ್ಲಿ ತೊಟ್ಟಿನ ಹತ್ತಿರದ ತುಂಡು ಮಾತ್ರ ಉಳಿದಿದೆ. ಮಕ್ಕಳು ಕತ್ತರಿಯಲ್ಲಿ ಆಡಿದರೇನೋ ಅನ್ನಿಸುವಷ್ಟು ನೇರ ಗೆರೆ. ಇದು ಎಲೆ ಕತ್ತರಿಸುವ ಮೂತಿಹುಳದ ಕೆಲಸ. ಹುಳ ಅಕ್ಕಿಕಾಳಿಗಿಂತ ಸಣ್ಣದು, ಉದ್ದ ಮೂತಿ ಇರುತ್ತದೆ. ಎಳೆ ಎಲೆಯ ನಡುನರದಲ್ಲಿ ಮೊಟ್ಟೆ ಇಟ್ಟು, ಆಮೇಲೆ ಎಲೆಯನ್ನು ಅಡ್ಡಕ್ಕೆ ಕತ್ತರಿಸಿ ಬೀಳಿಸುತ್ತದೆ. ಬಿದ್ದ ಎಲೆಯೊಳಗೆ ಮರಿ ಬೆಳೆದು ಮಣ್ಣಿಗೆ ಇಳಿಯುತ್ತದೆ.

ಹಾಗಾಗಿ ಔಷಧಿಗಿಂತ ಮೊದಲ ಕೆಲಸ, ಬಿದ್ದ ಪ್ರತಿ ಎಲೆಯನ್ನೂ ಅವತ್ತೇ ಆರಿಸಿ ಸುಡುವುದು. ಗುಡಿಸಿ ಗಿಡದ ಬುಡಕ್ಕೇ ಮುಚ್ಚಿಗೆ ಮಾಡಿದರೆ ಹುಳಕ್ಕೆ ನೀವೇ ಮನೆ ಕಟ್ಟಿಕೊಟ್ಟಂತೆ. ಕೆಲವೇ ಗಿಡಗಳಾದರೆ ಚಿಗುರು ಬಲಿಯುವವರೆಗೆ ಹಳೆಯ ಸೊಳ್ಳೆಪರದೆ ಹೊದಿಸಿ. ಎಲೆ ಹೋದರೂ ಕಸಿ ಸಾಯುವುದಿಲ್ಲ, ಇನ್ನೊಂದು ಚಿಗುರು ಬರುತ್ತದೆ. ಅದೂ ಹೋದರೆ ಗಿಡ ಸೋಲುತ್ತದೆ.

ಎಲೆ ಬೀಳದೆ ಚಿಗುರಿನ ತುದಿ ಮಾತ್ರ ಜೋತು ಬಿದ್ದಿದ್ದರೆ ಕಾಂಡದಲ್ಲಿ ಸಣ್ಣ ತೂತು, ಅದರ ಬಾಯಲ್ಲಿ ಹಿಕ್ಕೆ ಇದೆಯೇ ನೋಡಿ. ಇದ್ದರೆ ಕುಡಿ ಕೊರಕ. ತೂತಿನ ಕೆಳಗೆ ಹಸಿರು ಸಿಗುವಲ್ಲಿಗೆ ಕತ್ತರಿಸಿ ಸುಡಿ.

ತಿಂಗಳುಗಳು ಕಳೆದ ಮೇಲೆ

ಚೆನ್ನಾಗಿದ್ದ ಗಿಡ ಗಾಳಿಗೆ ಗಂಟಿನಲ್ಲೇ ಮುರಿದರೆ ಪಟ್ಟಿ ಬಿಚ್ಚಲು ಮರೆತಿದ್ದೀರಿ. ಕಾಂಡ ದಪ್ಪವಾಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಕುತ್ತಿಗೆ ಹಿಸುಕಿದಂತಾಗುತ್ತದೆ. ಎರಡು ಮೂರು ತಿಂಗಳಿಗೆ, ಗಂಟು ಗಟ್ಟಿಯಾದ ಮೇಲೆ, ಒಂದು ಬದಿಯಲ್ಲಿ ಸೀಳಿ ತೆಗೆಯಿರಿ. ನೆಡುವಾಗ ಗಂಟು ಮಣ್ಣಿಗಿಂತ ಅರ್ಧ ಅಡಿಯಾದರೂ ಮೇಲಿರಲಿ.

ಗಿಡ ಸೊಂಪಾಗಿದೆ, ಆದರೆ ಕಸಿಯ ಭಾಗ ಬೆಳೆಯುತ್ತಲೇ ಇಲ್ಲ ಎಂದರೆ ಬುಡ ನೋಡಿ. ಗಂಟಿನ ಕೆಳಗಿನಿಂದ ಕಾಡುಮಾವಿನ ಚಿಗುರು ಎದ್ದು ಎಲ್ಲ ತಿನ್ನುತ್ತಿರುತ್ತದೆ. ಕಂಡಾಗೆಲ್ಲ ಚಿವುಟಿ. ಒಂದು ವರ್ಷ ಬಿಟ್ಟರೆ ಯಾವುದು ಅಪ್ಪೆ, ಯಾವುದು ಕಾಡುಮಾವು ಎಂದು ಗುರುತು ಸಿಗದಷ್ಟು ಬೆರೆತುಹೋಗುತ್ತದೆ. ಆಗ ಎರಡೂ ಗೆಲ್ಲಿನ ಎಲೆ ಕಿವುಚಿ ಮೂಸಿ ನೋಡಿ, ತಾಯಿಮರದ ಎಲೆಯ ಜೊತೆ ಹೋಲಿಸಿ. ಜೀರಿಗೆ ಅಪ್ಪೆಯಲ್ಲಿ ಪರಿಮಳ ಬೇಗ ಪತ್ತೆಯಾಗುತ್ತದೆ, ಬೇರೆ ಅಪ್ಪೆಗಳಲ್ಲಿ ಮೂಗು ಚುರುಕಿರಬೇಕು.

ಕೊಂಡು ತಂದ ಗಿಡದಲ್ಲಿ ಬಂದ ಮಿಡಿಯೇ ಬೇರೆ ಎಂಬ ದೂರು ಬೇರೆ ಜಾತಿಯದು. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ ನಿಜ, ಆದರೆ ಅಪ್ಪೆಮಿಡಿ ಎಂಬುದು ಒಂದು ತಳಿಯಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೇ ನೂರಕ್ಕೂ ಹೆಚ್ಚು ಬಗೆಯ ಅಪ್ಪೆಗಳನ್ನು ಸಂಗ್ರಹಿಸಿ ಇಟ್ಟಿದ್ದಾರೆ. ಕಡ್ಡಿ ಯಾವ ಊರಿನ ಯಾವ ಮರದ್ದು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಅದು ಬರೀ ಮಾವಿನ ಗಿಡ ಎಂದುಕೊಂಡೇ ಕೊಳ್ಳಿ. ನೀವು ಕಟ್ಟಿದ ಕಸಿಗೂ ಅವತ್ತೇ ಚೀಟಿ ಕಟ್ಟಿ: ತಳಿ, ಮರ ಇರುವ ಜಾಗ, ತಾರೀಕು. ಮಳೆಗೆ ಶಾಯಿ ಅಳಿಯುತ್ತದೆ, ಪೆನ್ಸಿಲ್ ಅಳಿಯುವುದಿಲ್ಲ.

ಎಲೆಯ ಬದಲು ಹೂ ಬಂದರೆ

ಚಳಿಗಾಲದ ಹೊತ್ತಿಗೆ ತಂದ ಕಡ್ಡಿಯ ಮೊಗ್ಗು ಹೂವಿನದ್ದೇ ಆಗಿರಬಹುದು. ಕಸಿಯಿಂದ ನೇರ ಹೂಗೊಂಚಲು ಹೊರಡುತ್ತದೆ. ನೋಡಲು ಖುಷಿ, ಗಿಡಕ್ಕೆ ನಷ್ಟ. ಗೊಂಚಲನ್ನು ಚಿವುಟಿ, ಪಕ್ಕದ ಮೊಗ್ಗಿಗೆ ಅವಕಾಶ ಕೊಡಿ. ನೆಟ್ಟ ಮೇಲೂ ಮೊದಲ ಎರಡು ಮೂರು ವರ್ಷ ಬರುವ ಹೂವಿಗೆ ಇದೇ ಗತಿ. ಆಮೇಲೆ ಒಂದು ವರ್ಷ ಮಿಡಿ ಕಚ್ಚಿ ಇನ್ನೊಂದು ವರ್ಷ ಸುಮ್ನೆ ನಿಂತರೆ ಕಸಿಯಲ್ಲಿ ದೋಷ ಹುಡುಕಬೇಡಿ. ಅಪ್ಪೆ ಮರದ ಸ್ವಭಾವವೇ ಹಾಗೆ.

ಸತ್ತದ್ದು ಕಡ್ಡಿ, ಗಿಡವಲ್ಲ

ಕಡ್ಡಿ ಒಣಗಿದೆ ಎಂದು ಬುಡದ ಗಿಡವನ್ನೂ ಕಿತ್ತುಹಾಕುವುದು ಬೇಡ. ಸೀಳಿದ ಭಾಗದ ಕೆಳಗೆ, ಹಸಿರು ಕಾಂಡ ಸಿಗುವಲ್ಲಿಗೆ ಓರೆಯಾಗಿ ಸವರಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಬಲಿತ ಕಾಂಡಕ್ಕೆ ಅದರಿಂದ ತೊಂದರೆಯಿಲ್ಲ. ಎರಡು ಮೂರು ಚಿಗುರು ಬರುತ್ತವೆ. ನೆಟ್ಟಗಿರುವ ಒಂದನ್ನು ಉಳಿಸಿ ಬಾಕಿಯದನ್ನು ತೆಗೆಯಿರಿ. ಅದರ ಎಲೆ ತಾಮ್ರದ ಬಣ್ಣಕ್ಕೆ ಬಂದಾಗ ಅದೇ ಗಿಡಕ್ಕೆ ಮತ್ತೆ ಕಟ್ಟಬಹುದು. ಆಗಸ್ಟ್‌ನಲ್ಲಿ ಸೋತ ಕಸಿಗೆ ಸೆಪ್ಟೆಂಬರ್ ಕೊನೆಯಲ್ಲಿ ಹದ ಸಿಕ್ಕರೂ ಸಿಕ್ಕೀತು. ಆ ಚಿಗುರು ಬರುತ್ತಿರುವಾಗಲೇ ತಾಯಿಮರ ಹತ್ತಿ ಕಡ್ಡಿಯ ಎಲೆ ಸವರಿ ಬನ್ನಿ.